ಆರೋಗ್ಯ ಸಂಸ್ಥೆಗೆ ಸ್ವಯಂಸೇವಕರಾಗುವ ಮುನ್ನ: ಯಾವ ಕೆಲಸ ನಿಮಗೇನು ಕೊಡುತ್ತದೆ, ಯಾವಾಗ ಕೊಡುತ್ತದೆ

ರಕ್ತದಾನ ಶಿಬಿರಕ್ಕೆ ಒಮ್ಮೆ ಹೆಸರು ಕೊಟ್ಟವರು ಮುಂದಿನ ಶಿಬಿರಕ್ಕೆ ಗೆಳೆಯರನ್ನೂ ಕರೆತರುತ್ತಾರೆ. ಕ್ಯಾನ್ಸರ್ ರೋಗಿಗಳ ಮನೆಭೇಟಿಗೆ ಅಷ್ಟೇ ಉತ್ಸಾಹದಿಂದ ಹೆಸರು ಕೊಟ್ಟವರಲ್ಲಿ ಕೆಲವರು ಎರಡನೇ ವಾರಕ್ಕೆ ಫೋನೇ ಎತ್ತುವುದಿಲ್ಲ. ಇವರು ಪುಕ್ಕಲರು, ಅವರು ಧೈರ್ಯವಂತರು ಅಂತೇನಿಲ್ಲ. ಮಾಡುವವರಿಗೆ ತಿರುಗಿ ಸಿಗುವುದೇನು, ಎಷ್ಟು ದಿನಕ್ಕೆ ಸಿಗುತ್ತದೆ ಎಂಬುದು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಒಂದರಲ್ಲಿ ಮಧ್ಯಾಹ್ನದೊಳಗೆ ಫಲ ಕಾಣುತ್ತದೆ. ಒಂದರಲ್ಲಿ ಆರು ತಿಂಗಳು ಕಾಯಬೇಕು. ಇನ್ನೊಂದರಲ್ಲಿ ಏನಾಯಿತು ಎಂದು ಕೊನೆಗೂ ಗೊತ್ತಾಗುವುದಿಲ್ಲ. ಹೆಚ್ಚಿನವರು ಬಿಟ್ಟುಹೋಗುವುದು ಕೆಲಸ ಕಷ್ಟವಾಗಿ ಅಲ್ಲ, ಈ ಲೆಕ್ಕ ತಪ್ಪಿ.

"ಸೇವೆಯಲ್ಲಿ ನನಗೇನು ಸಿಗುತ್ತದೆ" ಎಂದು ಕೇಳಲು ನಮ್ಮಲ್ಲಿ ಬಹಳ ಜನಕ್ಕೆ ಮುಜುಗರ. ಕೇಳಿಕೊಳ್ಳಲೇಬೇಕು, ಆದರೆ ಒಂದು ಎಚ್ಚರಿಕೆಯೊಂದಿಗೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ 200 ಗಂಟೆ ಅಥವಾ ಹೆಚ್ಚು ಸ್ವಯಂಸೇವೆ ಮಾಡಿದ ಐವತ್ತು ದಾಟಿದವರಲ್ಲಿ ಮುಂದೆ ರಕ್ತದೊತ್ತಡ ಕಾಣಿಸಿಕೊಂಡದ್ದು ಕಡಿಮೆ. ವಾರಕ್ಕೆ ಸುಮಾರು ನಾಲ್ಕು ಗಂಟೆ ಎಂದಾಯಿತು. ಇದನ್ನು ಓದಿ ಬಿ.ಪಿ. ಇಳಿಸಿಕೊಳ್ಳಲು ಸೇವೆಗೆ ಹೊರಡುವವರು 2012ರ ಇನ್ನೊಂದು ಅಧ್ಯಯನವನ್ನೂ ಗಮನಿಸಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದೀರ್ಘಕಾಲ ಹಿಂಬಾಲಿಸಿದ ಹಿರಿಯರಲ್ಲಿ, ಬೇರೆಯವರಿಗಾಗಿ ಸೇವೆ ಮಾಡಿದವರ ಸಾವಿನ ಪ್ರಮಾಣ ಕಡಿಮೆಯಿತ್ತು. ಮುಖ್ಯವಾಗಿ ತಮ್ಮ ಲಾಭಕ್ಕಾಗಿ ಮಾಡಿದವರದ್ದು ಸೇವೆಯನ್ನೇ ಮಾಡದವರಷ್ಟೇ ಇತ್ತು. ಇಂಥ ಅಧ್ಯಯನಗಳಲ್ಲಿ ಇನ್ನೊಂದು ತೊಡಕೂ ಇದೆ: ಮೊದಲೇ ಗಟ್ಟಿಮುಟ್ಟಾಗಿರುವವರೇ ಸೇವೆಗೆ ಬರುವುದು ಹೆಚ್ಚು, ಆದ್ದರಿಂದ ಕಾರಣ ಯಾವುದು ಪರಿಣಾಮ ಯಾವುದು ಎಂದು ಬಿಡಿಸುವುದು ಸುಲಭವಲ್ಲ. ಹಾಗಾಗಿ ಇಲ್ಲಿನ ಹೋಲಿಕೆ ಆಯಸ್ಸಿನ ಲೆಕ್ಕದ್ದಲ್ಲ. ಕರ್ನಾಟಕದಲ್ಲಿ ವೈದ್ಯರಲ್ಲದವರಿಗೂ ತೆರೆದಿರುವ ಆರು ಬಗೆಯ ಕೆಲಸಗಳಲ್ಲಿ ನಿಮ್ಮ ಸ್ವಭಾವಕ್ಕೂ ಬಿಡುವಿಗೂ ಯಾವುದು ಹೊಂದುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ರಕ್ತದಾನ ಶಿಬಿರ: ಅರ್ಧ ದಿನ, ಕೈಗೆ ಸಿಗುವ ಲೆಕ್ಕ

ಹೊಸಬರು ಇಲ್ಲಿಂದ ಶುರುಮಾಡಬಹುದು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ, ಎಷ್ಟು ಯೂನಿಟ್ ಆಯಿತು ಎಂಬ ಸಂಖ್ಯೆ ಕೈಯಲ್ಲಿರುತ್ತದೆ. ಕಾಲೇಜು ಹುಡುಗರಿಗೆ, ತಂಡದಲ್ಲಿ ಓಡಾಡಿ ಕೆಲಸ ಮಾಡುವುದು ಇಷ್ಟವಿರುವವರಿಗೆ, ಅಪರಿಚಿತರೊಂದಿಗೆ ಮಾತಾಡುವ ಸಂಕೋಚ ಕಳೆದುಕೊಳ್ಳಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆ ರಕ್ತ ಯಾರ ಮೈ ಸೇರಿತು ಎಂಬುದು ಮಾತ್ರ ನಿಮಗೆ ತಿಳಿಯುವುದಿಲ್ಲ.

ನೋಂದಣಿ ಮೇಜಿನಲ್ಲಿ ಕೂರುವವರಿಗೆ ನಿಯಮಗಳು ಬಾಯಿಪಾಠವಾಗಿರಬೇಕು: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಗ್ರಾಂ. ಹಿಂದಿನ ದಾನದಿಂದ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. 350 ಮಿ.ಲೀ. ಚೀಲಕ್ಕೆ 45 ಕೆ.ಜಿ. ಸಾಕು, 450ರ ಚೀಲಕ್ಕೆ 55 ಕೆ.ಜಿ.ಗಿಂತ ಹೆಚ್ಚಿರಬೇಕು. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ಕಾಯಬೇಕು. ಹಿಮೋಗ್ಲೋಬಿನ್ ಕಡಿಮೆಯೆಂದು ವಾಪಸ್ಸಾಗುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರನ್ನು "ಆಗಲ್ಲ, ಹೋಗಿ" ಎಂದು ಕಳಿಸದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಲು ಹೇಳುವ ಸ್ವಯಂಸೇವಕ ಒಂದು ಯೂನಿಟ್ ರಕ್ತಕ್ಕಿಂತ ಹೆಚ್ಚಿನ ಉಪಕಾರ ಮಾಡಿರುತ್ತಾನೆ.

ಎಡವಟ್ಟಾಗುವುದು ಎಲ್ಲಿ? ತಲೆಸುತ್ತಿ ಬೀಳುವವರಲ್ಲಿ ಹಲವರು ಬೀಳುವುದು ಹಾಸಿಗೆಯ ಮೇಲಲ್ಲ. ಎದ್ದು ಹೋದ ಮೇಲೆ ಶೌಚಾಲಯದಲ್ಲಿ, ಮೆಟ್ಟಿಲ ಮೇಲೆ, ಬೈಕ್ ಹತ್ತಿರ ಬೀಳುತ್ತಾರೆ. ಖಾಲಿ ಹೊಟ್ಟೆ, ಬಿಸಿಲಿನಲ್ಲಿ ಸಾಲು, ಗಡಿಬಿಡಿ ಇದಕ್ಕೆ ಕಾರಣ. ತಿಂಡಿ ತಿಂದು ಎರಡು-ಮೂರು ಗಂಟೆಯೊಳಗೆ ಬರಲು ಹೇಳಿ, ಚುಚ್ಚುವ ಮುಂಚೆ ಅರ್ಧ ಲೀಟರ್ ನೀರು ಕುಡಿಸಿ, ಆಮೇಲೆ ಹದಿನೈದು ನಿಮಿಷ ಬಿಸ್ಕತ್ತು-ಹಣ್ಣಿನ ರಸದ ಮೇಜಿನಲ್ಲಿ ಕೂರಿಸಿ. ಚುರುಕಾದ ಒಬ್ಬರನ್ನು ವೇದಿಕೆ ಬಿಡಿಸಿ ಬಾಗಿಲಲ್ಲಿ ನಿಲ್ಲಿಸಿ. ಯಾರಾದರೂ ಬಿಳಿಚಿಕೊಂಡರೆ ಅಲ್ಲೇ ಮಲಗಿಸಿ ಕಾಲು ಮೇಲೆತ್ತಬೇಕು; ಕುರ್ಚಿಯಲ್ಲಿ ಕೂರಿಸಿ ಗಾಳಿ ಹಾಕುವುದು ತಪ್ಪು.

ದೊಡ್ಡ ತಪ್ಪು ಇನ್ನೊಂದಿದೆ. ನಟನ ಅಥವಾ ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ನೂರಾರು ಯೂನಿಟ್ ತೆಗೆದು, ಎರಡು ತಿಂಗಳು ಸುಮ್ಮನಿರುವುದು. ಪ್ಲೇಟ್‌ಲೆಟ್ ಐದೇ ದಿನ ಉಳಿಯುತ್ತದೆ, ಕೆಂಪು ರಕ್ತಕಣ 35ರಿಂದ 42 ದಿನ. ಕಾಲೇಜುಗಳಿಗೆ ರಜೆಯಿರುವ ಏಪ್ರಿಲ್-ಮೇ ತಿಂಗಳಲ್ಲಿ ರಕ್ತನಿಧಿಗಳು ಒಣಗುತ್ತವೆ, ಮಳೆಗಾಲದಲ್ಲಿ ಡೆಂಗಿಗೆ ಪ್ಲೇಟ್‌ಲೆಟ್ ಬೇಕಾಗುತ್ತದೆ, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಥಲಸ್ಸೀಮಿಯಾ ಕಾಯಿಲೆಯ ಮಕ್ಕಳಿಗಂತೂ ಎರಡು-ಮೂರು ವಾರಕ್ಕೊಮ್ಮೆ ವರ್ಷವಿಡೀ ರಕ್ತ ಬೇಕು. ಕಡಿಮೆ ಫೋಟೊ ಬೀಳುವ ಮೇ ತಿಂಗಳ ಐವತ್ತು ಯೂನಿಟ್ ಶಿಬಿರಕ್ಕೆ ಬೆಲೆ ಹೆಚ್ಚು.

ಕಣ್ಣಿನ ಪೊರೆ ಶಿಬಿರ: ಮರುದಿನವೇ ಫಲ

ನೇತ್ರತಜ್ಞ ಡಾ. ಎಂ.ಸಿ. ಮೋದಿ ಅವರ ಸಾಮೂಹಿಕ ಶಿಬಿರಗಳಿಂದ ಕರ್ನಾಟಕಕ್ಕೆ ಪರಿಚಿತವಾದ ಕೆಲಸ ಇದು. ಈಗ ಊರಲ್ಲಿ ತಪಾಸಣೆ ಮಾತ್ರ. ಸೋಂಕಿನ ಭಯದಿಂದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೇ ಕರೆದೊಯ್ಯುತ್ತಾರೆ. ಸ್ವಯಂಸೇವಕರ ಕೆಲಸ ಅಜ್ಜ-ಅಜ್ಜಿಯರನ್ನು ಹೊರಡಿಸಿ, ಜೊತೆಗಿದ್ದು, ಮನೆ ಮುಟ್ಟಿಸುವುದು. ಮರುದಿನ ಪಟ್ಟಿ ಬಿಚ್ಚಿದಾಗ ಎದುರಿಗಿದ್ದವರ ಮುಖ ಕಾಣುತ್ತದಲ್ಲ, ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಫಲ ತೋರಿಸುವ ಕೆಲಸ ಆರರಲ್ಲಿ ಬೇರೊಂದಿಲ್ಲ. ಹಿರಿಯರ ಜೊತೆ ಹರಟೆ ಹೊಡೆಯಲು ಬರುವವರಿಗೆ ಇದು ಹೇಳಿ ಮಾಡಿಸಿದ್ದು.

ಕೆಡುವುದು ಸಣ್ಣ ಸಂಗತಿಗಳಲ್ಲಿ. ಆಪರೇಷನ್ ಎಂದಕೂಡಲೇ ಅಜ್ಜಿ ಉಪವಾಸ ಮಾಡಿ ಬಿ.ಪಿ. ಮಾತ್ರೆಯನ್ನೂ ಬಿಟ್ಟಿರುತ್ತಾರೆ, ಒತ್ತಡ ಏರಿ ಆಸ್ಪತ್ರೆಯವರು ವಾಪಸ್ ಕಳಿಸುತ್ತಾರೆ. ಬಸ್ ಹತ್ತುವ ಹಿಂದಿನ ದಿನವೇ ಯಾವ ಮಾತ್ರೆ ತೆಗೆದುಕೊಳ್ಳಬೇಕು, ಯಾವುದು ಬೇಡ ಎಂದು ಆಸ್ಪತ್ರೆಯಿಂದ ಕೇಳಿ ಬರೆದಿಟ್ಟುಕೊಳ್ಳಿ. ಆಧಾರ್, ಹಳೆಯ ಚೀಟಿಗಳು, ಮನೆಯವರೊಬ್ಬರ ಫೋನ್ ನಂಬರ್ ಬೇಕು. ಆಮೇಲಿನ ನಾಲ್ಕರಿಂದ ಆರು ವಾರವೇ ನಿಜವಾದ ಸೇವೆ: ಕಣ್ಣಿಗೆ ಹನಿ ತಪ್ಪಬಾರದು, ತಲೆಸ್ನಾನದಲ್ಲಿ ನೀರು ಒಳಹೋಗಬಾರದು, ಸೌದೆ ಹೊರೆ ಎತ್ತಬಾರದು. ನೋವು, ಕೆಂಪು, ಮಸುಕು ಹೆಚ್ಚಾದರೆ ಅದೇ ದಿನ ಆಸ್ಪತ್ರೆ. ಪಟ್ಟಿ ಬಿಚ್ಚುವ ದಿನ ಮಾತ್ರ ಇದ್ದು ಮರುತಪಾಸಣೆಗೆ ಕಾಣೆಯಾಗುವ ಸ್ವಯಂಸೇವಕರು ಎಲ್ಲ ಕಡೆಯೂ ಇದ್ದಾರೆ.

ಕ್ಷಯರೋಗಿಯ ಆರು ತಿಂಗಳು

2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಟಿಬಿ ಮುಕ್ತ ಭಾರತ ಅಭಿಯಾನದಲ್ಲಿ ಯಾರು ಬೇಕಾದರೂ ನಿಕ್ಷಯ್ ಮಿತ್ರರಾಗಬಹುದು: ವ್ಯಕ್ತಿ, ಸಂಘ, ಕಂಪನಿ. ನಿಕ್ಷಯ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ಒಪ್ಪಿಗೆ ಕೊಟ್ಟ ರೋಗಿಗೆ ಕನಿಷ್ಠ ಆರು ತಿಂಗಳು ಪೌಷ್ಟಿಕ ಆಹಾರದ ಕಿಟ್ ಕೊಡಬೇಕು. ದೊಡ್ಡವರಿಗೆ ಸೂಚಿಸಿರುವ ತಿಂಗಳ ಪ್ರಮಾಣ: ಧಾನ್ಯ 3 ಕೆ.ಜಿ., ಬೇಳೆ ಒಂದೂವರೆ ಕೆ.ಜಿ., ಎಣ್ಣೆ 250 ಗ್ರಾಂ, ಹಾಲಿನ ಪುಡಿ ಅಥವಾ ಕಡಲೆಕಾಯಿ ಬೀಜ 1 ಕೆ.ಜಿ. ಧಾನ್ಯವೆಂದರೆ ಅಕ್ಕಿಯೇ ಆಗಬೇಕಿಲ್ಲ. ಹಳೇ ಮೈಸೂರು ಕಡೆ ರಾಗಿ, ಉತ್ತರ ಕರ್ನಾಟಕದಲ್ಲಿ ಜೋಳ ಕೊಟ್ಟರೆ ಅದು ಮಾರಾಟವಾಗದೆ ಹೊಟ್ಟೆ ಸೇರುತ್ತದೆ. ನಿಮ್ಮೂರಿನ ಅಂಗಡಿ ಬೆಲೆಯಲ್ಲಿ ಲೆಕ್ಕ ಹಾಕಿ, ಆರರಿಂದ ಗುಣಿಸಿ, ಆ ಹಣ ಮೊದಲೇ ತೆಗೆದಿಟ್ಟು ಹೆಸರು ಕೊಡಿ. ಮೂರನೇ ತಿಂಗಳಿಗೆ ನಿಂತುಹೋಗುವ ಕಿಟ್‌ನಿಂದ ರೋಗಿಗೆ ಹಸಿವಿಗಿಂತ ಅವಮಾನವೇ ಹೆಚ್ಚು.

ನಮ್ಮ ಅಭಿಪ್ರಾಯದಲ್ಲಿ ಮೊದಲ ಗಂಭೀರ ಹೊಣೆಗೆ ಇದೇ ಸರಿ. ಕಾರಣ ಸರಳ: ಶುರುವಿದೆ, ಕೊನೆಯಿದೆ, ನಡುವೆ ಅಳೆಯಬಹುದಾದ ಗುರುತುಗಳಿವೆ. ತೂಕ ಏರುತ್ತದೆ, ಕೆಮ್ಮು ಇಳಿಯುತ್ತದೆ, ಕಫ ಪರೀಕ್ಷೆ ನೆಗೆಟಿವ್ ಬರುತ್ತದೆ. ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ಉಳಿದ ನಾಲ್ಕು ತಿಂಗಳು ಮೂರು. ಅಪಾಯ ಇರುವುದು ಇವೆರಡರ ಸಂಧಿಯಲ್ಲಿ. ಎರಡನೇ ತಿಂಗಳ ಕೊನೆಗೆ ರೋಗಿಗೆ ಹಾಯೆನಿಸುತ್ತದೆ, ಕೂಲಿಗೆ ಹೋಗುತ್ತಾನೆ, ಮಾತ್ರೆ ಯಾಕೆ ಎನ್ನುತ್ತಾನೆ. ಬಿಟ್ಟರೆ ರೋಗ ಔಷಧಕ್ಕೆ ಬಗ್ಗದ ರೂಪದಲ್ಲಿ ಮರಳಬಹುದು. ಮಿತ್ರನ ಭೇಟಿ ಅತ್ಯಂತ ಬೇಕಾದದ್ದು ಆಗ. ಈ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದು ಸಹಜ ಎಂದು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಡುತ್ತಾರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದು ಸಹಜವಲ್ಲ. ಕೂಡಲೇ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು. ಸರ್ಕಾರ ಪೋಷಣೆಗೆಂದು ರೋಗಿಯ ಖಾತೆಗೆ ಹಾಕುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ ₹500ರಿಂದ ₹1000ಕ್ಕೆ ಏರಿದೆ. ಬ್ಯಾಂಕ್ ಖಾತೆಯ ತೊಡಕಿನಿಂದ ಅದು ಬಾರದಿದ್ದರೆ ಬೆನ್ನುಹತ್ತುವುದೂ ಮಿತ್ರನ ಕೆಲಸವೇ.

ಸೋಂಕು ತಗಲುತ್ತದೆಯೇ? ಸರಿಯಾದ ಔಷಧ ಶುರುವಾಗಿ ಕೆಲವು ವಾರಗಳಲ್ಲಿ ಹರಡುವ ಶಕ್ತಿ ಬಹಳ ಕುಗ್ಗುತ್ತದೆ. ಮೊದಲ ಭೇಟಿಗಳನ್ನು ಜಗಲಿಯಲ್ಲೋ ಅಂಗಳದಲ್ಲೋ ಗಾಳಿಯಾಡುವ ಕಡೆ ಮಾಡಿ, ಮಾಸ್ಕ್ ಹಾಕಿ. ಕಿಟ್ ಕೊಡುವಾಗ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಹಂಚಬೇಡಿ. ಬೀದಿಗೆಲ್ಲ ಕಾಯಿಲೆ ಸಾರಿದಂತಾಗುತ್ತದೆ; ಮಗಳ ಮದುವೆ ಮಾತುಕತೆ ಮುರಿಯಲು ಅಷ್ಟು ಸಾಕು.

ನೇತ್ರದಾನ: ಆರು ಗಂಟೆಯ ಗಡುವು

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು; ಕಾರ್ನಿಯಾವನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಪದರ ಬಿಡಿಸಿ ಕಸಿ ಮಾಡಿದ್ದರಿಂದ ಇಬ್ಬರ ಬದಲು ನಾಲ್ವರು. 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾಗಿದ್ದವು. ಆಮೇಲೆ ನಮ್ಮಲ್ಲಿ ಪ್ರತಿಜ್ಞಾಪತ್ರ ತುಂಬಿದವರಿಗೆ ಲೆಕ್ಕವಿಲ್ಲ. ಆದರೆ ಚೀಟಿಯಿಂದ ಕಣ್ಣು ಬರುವುದಿಲ್ಲ, ಸಾವಿನ ಮನೆಯಿಂದ ಯಾರಾದರೂ ನೇತ್ರಬ್ಯಾಂಕಿಗೆ ಫೋನ್ ಮಾಡಿದರೆ ಬರುತ್ತದೆ. ಆ ಫೋನ್ ಮಾಡಿಸುವವರೇ ಸ್ವಯಂಸೇವಕರು.

ಕೆಲಸ ತಿಂಗಳುಗಟ್ಟಲೆ ಇರುವುದಿಲ್ಲ, ಬಂದರೆ ನಡುರಾತ್ರಿ ಬರುತ್ತದೆ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯುವುದು ಆಗಬೇಕು. ದೂರದೂರಿನ ಮಗ ಬರಲಿ ಎಂದು ಕಾದು ಗಡುವು ಮೀರುವುದೇ ಹೆಚ್ಚು. ಅವರ ಒಪ್ಪಿಗೆಯನ್ನು ಫೋನಿನಲ್ಲೇ ಕೇಳಿಸಿ. ತಂಡ ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ದಿಂಬಿನಿಂದ ತಲೆಯನ್ನು ಅರ್ಧ ಅಡಿ ಎತ್ತರಿಸಿಡಬೇಕು. ಫ್ಯಾನ್ ಗಾಳಿಗೆ ಕಾರ್ನಿಯಾ ಒಣಗುತ್ತದೆ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆ ಶಸ್ತ್ರಚಿಕಿತ್ಸೆ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬಿಸ್, ರಕ್ತದ ಕ್ಯಾನ್ಸರ್ ಇದ್ದರೆ ತೆಗೆದುಕೊಳ್ಳುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ, ಸ್ವಲ್ಪ ರಕ್ತದ ಮಾದರಿಯನ್ನೂ ತೆಗೆಯುತ್ತಾರೆ. ಈ ಕೊನೆಯದನ್ನು ಮನೆಯವರಿಗೆ ಮುಂಚೆಯೇ ಹೇಳಿಲ್ಲದಿದ್ದರೆ ಅಲ್ಲೇ ಜಗಳ ಶುರು. ಕಣ್ಣು ಯಾರಿಗೆ ಹೋಯಿತು ಎಂದು ಮನೆಯವರಿಗೂ ನಿಮಗೂ ಹೇಳುವುದಿಲ್ಲ. ವಾರವಾರ ಸಮಯ ಕೊಡಲಾಗದ, ಆದರೆ ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಸ್ಥಾನದಲ್ಲಿರುವವರಿಗೆ (ಮೇಷ್ಟ್ರು, ಅಂಗಡಿಯವರು, ದೇವಸ್ಥಾನದ ಸಮಿತಿಯವರು) ಇದು ಸೂಕ್ತ.

ಪ್ಯಾಲಿಯೇಟಿವ್ ಕೇರ್: ಎಲ್ಲಕ್ಕಿಂತ ಹೆಚ್ಚು ಕೇಳುವುದು, ಹೆಚ್ಚು ಕೊಡುವುದು

ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಈ ಆರೈಕೆಯಲ್ಲಿ ಸ್ವಯಂಸೇವಕರಿಗೆ ದೊಡ್ಡ ಜಾಗವಿದೆ ಎಂದು ತೋರಿಸಿದ್ದು ನೆರೆಯ ಕೇರಳ. ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಶುರುವಾದ ಕ್ಲಿನಿಕ್‌ನಿಂದ ಬೆಳೆದು, ಮಲಪ್ಪುರಂ ಸುತ್ತ ಊರಿನವರೇ ನಡೆಸುವ ಜಾಲವಾಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರಿಗೆ 16 ಗಂಟೆ ಪಾಠ, ನಾಲ್ಕು ದಿನ ರೋಗಿಗಳ ನಡುವೆ ತರಬೇತಿ ಎಂಬುದು ಅವರ ಮಾದರಿ. ಬೆಂಗಳೂರಿನಲ್ಲಿ 1999ರಲ್ಲಿ ತೆರೆದ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಯಾವ ಸಂಸ್ಥೆಗೆ ಹೋದರೂ ತರಬೇತಿಯಿಲ್ಲದೆ ಮೊದಲ ದಿನವೇ ಮಂಚದ ಪಕ್ಕ ಕೂರಿಸಿದರೆ ಅಲ್ಲಿಂದ ಎದ್ದುಬನ್ನಿ.

ಔಷಧ ಕೊಡುವುದು, ಗಾಯ ತೊಳೆಯುವುದು ನರ್ಸ್ ಕೆಲಸ. ನಿಮ್ಮದು ಉಳಿದದ್ದು, ಮತ್ತು ಆ ಉಳಿದದ್ದೇ ಬಹಳ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಸೊಸೆಗೆ ತೋರಿಸಿಕೊಡುವುದು. ಒಣಗಿದ ಬಾಯಿಗೆ ಒದ್ದೆ ಬಟ್ಟೆ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿದ್ದರೆ ನಾಡಕಚೇರಿಗೆ ಓಡಾಟ. ಹಗಲು-ರಾತ್ರಿ ನೋಡಿಕೊಳ್ಳುವ ಹೆಂಡತಿ ಎರಡು ಗಂಟೆ ನಿದ್ದೆ ಮಾಡಲೆಂದು ಸುಮ್ಮನೆ ಅಲ್ಲಿರುವುದು. ನೋವು ತಗ್ಗಿಸಲು ಕೊಡುವ ಮಾರ್ಫಿನ್ ಎಂದರೆ ಚಟ ಎಂಬ ಹೆದರಿಕೆಯಿಂದ ಮನೆಯವರು ಡೋಸ್ ತಪ್ಪಿಸುತ್ತಿದ್ದರೆ ನರ್ಸ್‌ಗೆ ತಿಳಿಸುವುದು. ಅದರಿಂದ ಮಲಬದ್ಧತೆ ಆಗುವುದು ಸಾಮಾನ್ಯ, ಅದಕ್ಕೆ ಬೇರೆ ಔಷಧ ಜೊತೆಗೇ ಕೊಟ್ಟಿರುತ್ತಾರೆ, ಅದನ್ನೂ ನಿಲ್ಲಿಸಿಲ್ಲವೇ ನೋಡುವುದು.

ಹೊಸಬರು ಮಾಡುವ ತಪ್ಪುಗಳಿಗೆ ಒಂದು ಕ್ರಮವೇ ಇದೆ. ಮೊದಲ ಭೇಟಿಯಲ್ಲಿ "ಎಲ್ಲಾ ಸರಿಹೋಗುತ್ತೆ, ಯೋಚ್ನೆ ಮಾಡ್ಬೇಡಿ" ಎನ್ನುತ್ತಾರೆ. ರೋಗಿ ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ಎರಡನೆಯದರಲ್ಲಿ ಎಲ್ಲೋ ಕೇಳಿದ ನಾಟಿ ಔಷಧ ಹೇಳುತ್ತಾರೆ. ಮೂರನೆಯದರಲ್ಲಿ ಜೇಬಿನಿಂದ ಹಣ ಕೊಡುತ್ತಾರೆ, ನಾಲ್ಕನೆಯದಕ್ಕೆ ಹೋಗಲು ಸಂಕೋಚ. "ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ" ಎಂದು ಮಗ ಕೈಹಿಡಿದು ಕೇಳಿದರೆ ಏನು ಮಾಡಬೇಕು? ಸುಳ್ಳು ಹೇಳಬೇಡಿ, ನೀವಾಗಿ ಬಯಲೂ ಮಾಡಬೇಡಿ. ಅಪ್ಪನೇ ಕೇಳಿದರೆ "ನಿಮಗೇನು ಅನಿಸುತ್ತಿದೆ" ಎಂದು ಕೇಳಿ, ಬಂದ ಉತ್ತರವನ್ನು ತಂಡದ ವೈದ್ಯರಿಗೆ ಮುಟ್ಟಿಸಿ. ಹಲವು ಸಲ ಅಪ್ಪನಿಗೆ ಎಲ್ಲ ಗೊತ್ತಿರುತ್ತದೆ. ಮಗನಿಗೆ ನೋವಾಗದಿರಲೆಂದು ಸುಮ್ಮನಿರುತ್ತಾರೆ.

ಸಿಗುವುದೇನು? ಸಾವಿನ ಬಗೆಗಿನ ಭಯದ ಆಕಾರ ಬದಲಾಗುತ್ತದೆ. ಸ್ವಂತ ಮನೆಯಲ್ಲಿ ಕಾಯಿಲೆ ಬಿದ್ದಾಗ ಏನು ಕೇಳಬೇಕು, ಯಾವಾಗ ಆಸ್ಪತ್ರೆ ಬೇಡ ಎನ್ನಬೇಕು ಎಂಬ ತಿಳಿವು ಬರುತ್ತದೆ. ಇದು ತಿಂಗಳುಗಳ ನಂತರ, ಬಹಳ ಸಲ ನೀವು ಗಮನಿಸದೇ ಬರುವಂಥದ್ದು. ಅದಕ್ಕೂ ಮುಂಚೆ ಬರುವುದು ದುಃಖ. ಮನೆಯಲ್ಲಿ ಹತ್ತಿರದವರು ತೀರಿಕೊಂಡು ವರ್ಷ ಕಳೆದಿಲ್ಲವಾದರೆ ಸದ್ಯಕ್ಕೆ ಬೇಡ. ತಂಡ ಕೂತು ಮಾತಾಡಿ ಹಗುರಾಗುವ ಸಭೆ ನಿಯಮಿತವಾಗಿ ನಡೆಯದ ಸಂಸ್ಥೆಯೂ ಬೇಡ.

ಸಹಾಯವಾಣಿ ಮತ್ತು ಮೇಜಿನ ಕೆಲಸ

ಮೊದಲು ಒಂದು ಗೊಂದಲ ಬಿಡಿಸೋಣ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಸಂಬಳದ ಸಮಾಲೋಚಕರು ನಡೆಸುವ ವ್ಯವಸ್ಥೆ. ಸ್ವಯಂಸೇವಕರಿಗೆ ಅವಕಾಶವಿರುವುದು ಸಂಘಸಂಸ್ಥೆಗಳ ಸಹಾಯವಾಣಿಗಳಲ್ಲಿ. ಅಲ್ಲಿ ಸಂದರ್ಶನ, ತರಬೇತಿ, ಅಣಕು ಕರೆಗಳು ಇರುತ್ತವೆ, ಹಲವರನ್ನು ಬೇಡವೆಂದೂ ಹೇಳುತ್ತಾರೆ. ಸಲಹೆ ಕೊಡುವ ಚಾಳಿ ಇರುವವರಿಗೆ ಇದು ಕಷ್ಟ. ಕರೆ ಕಟ್ಟಾದ ಮೇಲೆ ಆ ವ್ಯಕ್ತಿಗೆ ಏನಾಯಿತು ಎಂದು ತಿಳಿಯುವುದಿಲ್ಲ, ಸ್ವಂತ ಫೋನಿನಿಂದ ವಾಪಸ್ ಕರೆ ಮಾಡುವಂತಿಲ್ಲ. ಪ್ರತಿ ರಾತ್ರಿ ಅದನ್ನೇ ನೆನೆದು ನಿದ್ದೆಗೆಡುವವರು ಬರಬೇಡಿ. ಆದರೆ ನಡುವೆ ಬಾಯಿ ಹಾಕದೆ ಕೇಳುವ ಅಭ್ಯಾಸ ಒಮ್ಮೆ ಕೈಗೂಡಿದರೆ ಮನೆಯ ಮಾತುಕತೆಯೇ ಬೇರೆಯಾಗುತ್ತದೆ. ಈ ಪ್ರತಿಫಲ ಮೊದಲು ಗೊತ್ತಾಗುವುದು ಗಂಡನಿಗೋ ಹೆಂಡತಿಗೋ.

ಮೇಜಿನ ಕೆಲಸವನ್ನು ಸೇವೆಯೆಂದು ಯಾರೂ ಎಣಿಸುವುದಿಲ್ಲ. ಲೆಕ್ಕಪತ್ರ, ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿಯ 80ಜಿ ರಸೀದಿ, ಇಂಗ್ಲಿಷ್‌ನಲ್ಲಿರುವ ಔಷಧ ಸೂಚನೆಯನ್ನು ಹಳ್ಳಿಯ ಹಿರಿಯರಿಗೆ ತಿಳಿಯುವ ಕನ್ನಡಕ್ಕೆ ತರುವುದು. ಹೊರದೇಶದಲ್ಲಿರುವ ಕನ್ನಡಿಗರೂ ರಾತ್ರಿ ಕೂತು ಮಾಡಬಹುದು. ರೋಗಿಯ ಮುಖ ಕಾಣುವುದಿಲ್ಲ, ಚಪ್ಪಾಳೆಯೂ ಇಲ್ಲ. ಆದರೂ ಸಣ್ಣ ಸಂಸ್ಥೆಗಳಿಗೆ ನಾಲ್ಕು ಜನ ಹೊಸ ಸ್ವಯಂಸೇವಕರಿಗಿಂತ ಒಬ್ಬ ನಿವೃತ್ತ ಬ್ಯಾಂಕ್ ನೌಕರ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಎರಡರ ನಡುವೆ ಸಿಕ್ಕಿಕೊಂಡರೆ

ರಕ್ತದಾನವೋ ಪೊರೆ ಶಿಬಿರವೋ ಎಂದರೆ, ಜನಜಂಗುಳಿ ಇಷ್ಟವಾದರೆ ಮೊದಲನೆಯದು, ಒಬ್ಬೊಬ್ಬರ ಜೊತೆ ಇರುವುದು ಇಷ್ಟವಾದರೆ ಎರಡನೆಯದು. ಟಿಬಿಯೋ ಪ್ಯಾಲಿಯೇಟಿವ್ ಕೇರೋ ಎಂದರೆ ಮೊದಲು ಟಿಬಿ. ಆರು ತಿಂಗಳು ಮಾತು ತಪ್ಪದೆ ಹೋಗಿಬರುವುದು ಸಾಧ್ಯವಾದರೆ ಆಮೇಲೆ ಇನ್ನೊಂದು. ಪ್ಯಾಲಿಯೇಟಿವ್ ಕೇರೋ ಸಹಾಯವಾಣಿಯೋ ಎಂಬಲ್ಲಿ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಟ್ಟ ಕೊನೆಯನ್ನು ಕಣ್ಣಾರೆ ನೋಡುವುದು ಕಷ್ಟವೋ, ಕೊನೆಯೇ ತಿಳಿಯದಿರುವುದು ಕಷ್ಟವೋ? ಮನೆಯಲ್ಲಿ ಪುಟ್ಟ ಮಕ್ಕಳಿದ್ದು ವಾರದ ಸಮಯ ನಿಮ್ಮ ಕೈಯಲ್ಲಿಲ್ಲದಿದ್ದರೆ ನೇತ್ರದಾನ ಅಥವಾ ಮೇಜಿನ ಕೆಲಸ.

ಸೇರುವ ಮುಂಚೆ ಸಂಸ್ಥೆಯನ್ನು ಕೇಳಬೇಕಾದದ್ದು: ತರಬೇತಿ ಎಷ್ಟು ಗಂಟೆ, ಯಾರು ಕೊಡುತ್ತಾರೆ, ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಓಡಾಟದ ಖರ್ಚು ಯಾರದ್ದು, ರೋಗಿಯ ವಿವರ, ಫೋಟೊ ಬಗ್ಗೆ ಬರೆದಿಟ್ಟ ನಿಯಮವಿದೆಯೇ. ಆಸ್ಪತ್ರೆಯೊಳಗಿನ ಕೆಲಸವಾದರೆ ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು: ಮೂರು ಡೋಸ್, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಳಸಿದ ಸೂಜಿಯನ್ನು ಯಾರು ಹೇಳಿದರೂ ಮುಟ್ಟಬೇಡಿ. ಆರು ತಿಂಗಳ ಟಿಬಿ ಕೆಲಸ ಬಿಟ್ಟು ಉಳಿದವಕ್ಕೆ ಮೊದಲಿಗೆ ಮೂರು ತಿಂಗಳಿಗೆ ಮಾತ್ರ ಒಪ್ಪಿಕೊಳ್ಳಿ; ಬಿಡುವುದಾದರೆ ಒಂದು ತಿಂಗಳು ಮುಂಚೆ ತಿಳಿಸಿ, ನೀವು ನೋಡುತ್ತಿದ್ದ ರೋಗಿಯ ಮನೆಗೆ ನಿಮ್ಮ ಬದಲಿಗೆ ಬರುವವರನ್ನು ಜೊತೆಗೆ ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.